ಎರಡು ಟೋಪಿ ಸಿಕ್ಕವನು

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದುತ್ತಿದ್ದರೆ ಪೋಕೆಮಾನ್ ನೆನಪಾಗುತ್ತದೆ ಎಂದರೆ ಹಿರಿಯ ಓದುಗರು ಹುಬ್ಬು ಗಂಟಿಕ್ಕಬಹುದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ಹುಡುಗ ಹುಡುಗಿಯರ ದಂಡು ಕಟ್ಟಿಕೊಂಡು ಘಟ್ಟ ಹತ್ತಿಳಿದ ಕಥೆ ಅದು. ಇದೋ, ಕೆನ್ನೆಯಿಂದ ಮಿಂಚು ಹೊರಡಿಸುವ ಹಳದಿ ಇಲಿಯ ಜಪಾನೀ ಆಟ. ಆದರೂ ನೆನಪಾಗುವುದಕ್ಕೆ ಕಾರಣವಿದೆ. ಆಟದಲ್ಲೂ ಒಬ್ಬ ಪ್ರೊಫೆಸರ್ ಇದ್ದಾನೆ, ಓಕ್ ಎಂದು ಹೆಸರು. ಮುಂದಿನ ಕಂತುಗಳ ಪ್ರೊಫೆಸರುಗಳೂ ಎಲ್ಮ್, ಬರ್ಚ್ ಎಂದು ಮರಗಳೇ. ಓಕ್ ಮೇಷ್ಟ್ರು ಹುಡುಗನನ್ನು ಊರಾಚೆ ಕಳಿಸುವಾಗ ಒಪ್ಪಿಸುವ ಕೆಲಸ ಒಂದೇ: ಪೋಕೆಮಾನ್ ಎಂಬ ಜೀವಿಗಳ ಪೋಕೆಡೆಕ್ಸ್ ಎಂಬ ಖಾಲಿ ಪಟ್ಟಿಯನ್ನು ತುಂಬಿಸಿಕೊಂಡು ಬಾ. ಸಂಖ್ಯೆಗಳಿವೆ, ಅವುಗಳ ಮುಂದೆ ಏನೂ ಇಲ್ಲ. 1996ರ ಫೆಬ್ರವರಿ 27ರಂದು ಗೇಮ್ ಬಾಯ್ ಎಂಬ ಬೂದುಬಣ್ಣದ ಪುಟ್ಟ ಪೆಟ್ಟಿಗೆಗಾಗಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಈ ಆಟವನ್ನು ಸಾಮಾನ್ಯವಾಗಿ ಪ್ರಾಣಿಗಳನ್ನು ಹಿಡಿದು ಪಳಗಿಸಿ ಕಾದಾಡಿಸುವ ಆಟ ಎಂದು ಬಣ್ಣಿಸುತ್ತಾರೆ. ನನ್ನ ವಾದ ಬೇರೆ. ಹಿಡಿಯುವುದು, ಪಳಗಿಸುವುದು, ಕಾದಾಡಿಸುವುದು ಮೂರೂ ಬೇರೆ ಆಟಗಳಲ್ಲೂ ಇದ್ದವು. ಇದು ನಿಂತಿರುವುದು ತನ್ನಲ್ಲಿ ಹೆಚ್ಚಾದದ್ದನ್ನು ಇನ್ನೊಬ್ಬನಿಗೆ ಕೊಡುವುದರ ಮೇಲೆ.

ಆಟ ಕಟ್ಟಿದ ಸತೋಶಿ ತಜಿರಿ ಟೋಕಿಯೊ ಹೊರವಲಯದ ಮಚಿದಾದಲ್ಲಿ ಹುಳ ಹಿಡಿಯುತ್ತ ಬೆಳೆದದ್ದು, ಹುಳಗಳಿದ್ದ ಗದ್ದೆ ಹೊಂಡಗಳ ಮೇಲೆ ಕಟ್ಟಡಗಳು ಎದ್ದದ್ದು, ಆ ಕೊರಗೇ ಆಟವಾದದ್ದು ಎಲ್ಲರೂ ಹೇಳುವ ಕಥೆ. ನಿಜವೂ ಹೌದು. ಆದರೆ ನನ್ನ ಮಟ್ಟಿಗೆ ಹುಳಕ್ಕಿಂತ ಮುಖ್ಯವಾದದ್ದು ಒಂದು ಟೋಪಿ. 1987ರಲ್ಲಿ ‘ಡ್ರಾಗನ್ ಕ್ವೆಸ್ಟ್’ ಎಂಬ ವಿಡಿಯೊ ಆಟದ ಎರಡನೆಯ ಕಂತು ಬಂತು. ಅದರಲ್ಲಿ ಶತ್ರುವನ್ನು ಸೋಲಿಸಿದಾಗ ಅಪರೂಪಕ್ಕೊಮ್ಮೆ ಬೀಳುವ ಮಾಯದ ಟೋಪಿಯೊಂದಿತ್ತು. ತಜಿರಿ ಎಷ್ಟು ಗುದ್ದಾಡಿದರೂ ಅದು ಬೀಳಲಿಲ್ಲ. ಅವನ ಗೆಳೆಯ, ಮುಂದೆ ಪೋಕೆಮಾನ್‌ಗಳ ಚಿತ್ರ ಬರೆದ ಕೆನ್ ಸುಗಿಮೊರಿಗೆ ಎರಡು ಸಿಕ್ಕವಂತೆ. ಒಬ್ಬನಲ್ಲಿ ಎರಡು, ಇನ್ನೊಬ್ಬನಲ್ಲಿ ಸೊನ್ನೆ. ಕೊಡುವ ಮನಸ್ಸಿದ್ದರೂ ಕೊಡಲು ದಾರಿಯಿಲ್ಲ. ಲೋಕದ ಅರ್ಧ ಅರ್ಥಶಾಸ್ತ್ರ ಈ ಟೋಪಿಯೊಳಗಿದೆ ಎಂದರೆ ತುಸು ಹೆಚ್ಚಾದೀತು, ಇರಲಿ. 1989ರಲ್ಲಿ ಗೇಮ್ ಬಾಯ್ ಬಂದಾಗ ಅದರ ಜೊತೆ ಎರಡು ಪೆಟ್ಟಿಗೆಗಳನ್ನು ಜೋಡಿಸುವ ಒಂದು ತಂತಿಯೂ ಬಂತು. ಜನ ಅದನ್ನು ಸಿಕ್ಕಿಸಿ ಟೆಟ್ರಿಸ್‌ನಲ್ಲಿ ಒಬ್ಬರನ್ನೊಬ್ಬರು ಸೋಲಿಸುತ್ತಿದ್ದರು. ತಜಿರಿಗೆ ಮಾತ್ರ ಅದರ ಮೇಲೆ ಹುಳವೊಂದು ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ತೆವಳಿಕೊಂಡು ಹೋಗುವುದು ಕಾಣಿಸಿತು. ಆ ಹುಳಕ್ಕೆ ದಾರಿ ಮಾಡಿಕೊಡಲು ಅವನ ಗೇಮ್ ಫ್ರೀಕ್ ಸಂಸ್ಥೆ ಆರು ವರ್ಷ ಹೆಣಗಿತು.

ದಾರಿ ಮಾಡಿದ ರೀತಿ ನೋಡಿ. ಆಟವನ್ನು ಕೆಂಪು, ಹಸಿರು ಎಂದು ಎರಡು ಮಾಡಿದರು. ಎರಡು ವರ್ಷದ ಮೇಲೆ ಅಮೆರಿಕಕ್ಕೆ ಹೋದದ್ದು ಕೆಂಪು ಮತ್ತು ನೀಲಿ. ಕೆಂಪಿನಲ್ಲಿ ಎಕಾನ್ಸ್ ಎಂಬ ಹಾವು ಹುಲ್ಲಿನಲ್ಲಿ ಸಿಗುತ್ತದೆ, ನೀಲಿಯಲ್ಲಿ ಇಲ್ಲ. ನೀಲಿಯ ಸ್ಯಾಂಡ್‌ಶ್ರೂ ಕೆಂಪಿನಲ್ಲಿ ಇಲ್ಲ. ಶುರುವಿನಲ್ಲೇ ಮೂರು ಮರಿಗಳಲ್ಲಿ ಒಂದನ್ನು ಆರಿಸಬೇಕು, ಉಳಿದೆರಡು ಕೈತಪ್ಪುತ್ತವೆ. ಎಲ್ಲಕ್ಕಿಂತ ಜಾಣ ಏರ್ಪಾಡು ಹಾಂಟರ್ ಎಂಬ ದೆವ್ವದ್ದು. ಎಷ್ಟು ಪಳಗಿಸಿದರೂ, ಎಷ್ಟು ಕಾಳಗ ಗೆಲ್ಲಿಸಿದರೂ ಅದು ಮುಂದಿನ ರೂಪ ತಾಳುವುದಿಲ್ಲ. ತಂತಿ ದಾಟಿ ಗೆಳೆಯನ ಪೆಟ್ಟಿಗೆಗೆ ಇಳಿದ ಕ್ಷಣ ಗೆಂಗಾರ್ ಆಗುತ್ತದೆ. ಕಡಾಬ್ರಾ, ಮಚೋಕ್, ಗ್ರಾವೆಲರ್‌ಗಳದೂ ಇದೇ ಪಾಡು. ಸಾಕಿದವನ ಕೈಬಿಟ್ಟರೇ ಬೆಳವಣಿಗೆ. ಇದು ಕೋಳಿ ಅಂಕವಲ್ಲದೆ ಮತ್ತೇನು ಎಂದು ಕೇಳುವವರಿದ್ದಾರೆ. ಕಾಳಗವಿದೆ, ಒಪ್ಪುತ್ತೇನೆ. ಆದರೆ ಎಲ್ಲರನ್ನೂ ಸೋಲಿಸಿ ಚಾಂಪಿಯನ್ ಆದ ಮೇಲೂ ಪಟ್ಟಿಯಲ್ಲಿ ತೂತುಗಳು ಹಾಗೇ ಉಳಿಯುತ್ತವೆ. ತೂತು ಮುಚ್ಚಿದವನಿಗೆ ಸೆಲಡಾನ್ ಎಂಬ ಊರಿನ ಕಟ್ಟಡವೊಂದರಲ್ಲಿ ಕೂತ, ಆಟ ಬರೆದವರದೇ ಒಬ್ಬ ಪ್ರತಿನಿಧಿ ಒಂದು ಪ್ರಮಾಣಪತ್ರ ಕೊಡುತ್ತಾನೆ. ಹಣವಿಲ್ಲ, ಆಯುಧವಿಲ್ಲ, ಬರೀ ಕಾಗದ. ಕಾಳಗವೇ ಗುರಿಯಾಗಿದ್ದರೆ ಕಾಳಗ ಮುಗಿದ ಮೇಲೆ ಇಂಥದೊಂದನ್ನು ಇಡುತ್ತಿರಲಿಲ್ಲ. ಒಂದೇ ಆಟವನ್ನು ಎರಡು ಮಾಡಿ ಮಾರುವುದು ವ್ಯಾಪಾರಿಯ ಬುದ್ಧಿ ಎಂಬುದು ಇನ್ನೊಂದು ತಕರಾರು. ಹೌದು, ವ್ಯಾಪಾರವೇ. ಆದರೆ ಒಬ್ಬನೇ ಎರಡನ್ನೂ ಕೊಂಡರೂ ಪೆಟ್ಟಿಗೆ ಎರಡು ಬೇಕು, ತಂತಿ ಬೇಕು. ಅಷ್ಟು ದುಡ್ಡಿಲ್ಲದ ಮಗುವಿಗೆ ಪಕ್ಕದ ಮನೆಯವನೇ ಅಗ್ಗ.

ಸ್ವಾಮಿಯವರ ಮದರಾಸಿನ, ಈಗಿನ ಚೆನ್ನೈನ, ಮಕ್ಕಳಿಗೆ ಈ ಆಟ ಬಂದದ್ದು ತಂತಿಯಿಲ್ಲದೆ. ಪೋಕೆಮಾನ್ ಇಲ್ಲಿ ಮನೆಮಾತಾದದ್ದು 2003ರಿಂದ, ಕಾರ್ಟೂನ್ ನೆಟ್‌ವರ್ಕ್‌ನ ದೆಸೆಯಿಂದ. ಬರ್ಮಾದಿಂದ ಬರಿಗೈಯಲ್ಲಿ ಮರಳಿದ ತಮಿಳರು ಬೀಚ್ ಸ್ಟೇಷನ್ನಿನ ಬಳಿ ಸಾಲಾಗಿ ಅಂಗಡಿ ಹೂಡಿದ ಬರ್ಮಾ ಬಜಾರಿನಂಥ ಕಡೆ ವಿದೇಶಿ ಪೆಟ್ಟಿಗೆಗಳಿಗೆ ಬರವಿಲ್ಲದಿದ್ದರೂ, ಬಹಳ ಮಕ್ಕಳು ಆಡಿದ್ದು ಕಂಪ್ಯೂಟರಿಗೆ ಗೇಮ್ ಬಾಯ್‌ನ ವೇಷ ಹಾಕಿಸುವ ಎಮ್ಯುಲೇಟರಿನಲ್ಲಿ. ಅಲ್ಲಿ ಎಲ್ಲವೂ ಪುಕ್ಕಟೆ, ಆದರೆ ಆಚೆ ತುದಿಯಲ್ಲಿ ಯಾರೂ ಇಲ್ಲ. ಹಾಂಟರ್ ಹಾಂಟರ್ ಆಗಿಯೇ ಕೊಳೆಯಿತು. ಹಾಗಾದರೆ ಕೊಡುಕೊಳ್ಳುವಿಕೆ ಇಲ್ಲದೆಯೂ ಆಟ ಗೆದ್ದಿತಲ್ಲ, ವಾದ ಬಿದ್ದುಹೋಯಿತಲ್ಲ ಎನ್ನಬಹುದು. ಬೀಳಲಿಲ್ಲ, ಬೇರೆ ಬಾಗಿಲಿನಿಂದ ಒಳಗೆ ಬಂತು. ಅದೇ ಕಾಲದಲ್ಲಿ ಚಿಪ್ಸ್ ಪೊಟ್ಟಣಗಳಲ್ಲಿ ಟಾಝೋ ಎಂಬ ದುಂಡು ಬಿಲ್ಲೆಗಳು ಬರುತ್ತಿದ್ದವು: ಅಂಚಿನಲ್ಲಿ ಒಂದಕ್ಕೊಂದು ಸಿಕ್ಕಿಸಲು ಸೀಳು, ಮೈಗೆಲ್ಲ ಎಣ್ಣೆ ಮತ್ತು ಮಸಾಲೆ ಪುಡಿ, ನಡುವೆ ಪೋಕೆಮಾನ್ ಚಿತ್ರ. ಬೇಕಾದದ್ದು ಬೀಳುತ್ತಿರಲಿಲ್ಲ, ಇದ್ದದ್ದೇ ಮತ್ತೆ ಮತ್ತೆ ಬೀಳುತ್ತಿತ್ತು. ಹೆಚ್ಚಾದದ್ದನ್ನು ಕೊಟ್ಟು ಇಲ್ಲದ್ದನ್ನು ಪಡೆಯುವ ಸಂತೆ ಶಾಲೆಯ ಬಿಡುವಿನ ಹೊತ್ತಿನಲ್ಲಿ ತಾನಾಗಿ ನೆರೆಯಿತು. ಯಂತ್ರದಲ್ಲಿ ಸಿಗದ ತಂತಿಯನ್ನು ಆಲೂಗಡ್ಡೆ ಪೊಟ್ಟಣ ಒದಗಿಸಿತು.

ಇಲ್ಲಿ ಸ್ವಾಮಿಯವರ ಕಸುಬಿನ ಕಡೆ ಹೊರಳಬೇಕು. ಗಿಡ ಹುಡುಕುವವರು ಒಂದು ಕೊಂಬೆ ಕಿತ್ತು ಮನೆಗೆ ಬರುವುದಿಲ್ಲ. ಒಂದೇ ಗಿಡದಿಂದ, ಒಂದೇ ಹೊತ್ತಿನಲ್ಲಿ ಹಲವು ಪ್ರತಿ ತೆಗೆದು, ಹಳೆಯ ಸುದ್ದಿಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಎಲ್ಲಕ್ಕೂ ಅದೇ ಸಂಖ್ಯೆ, ಅದೇ ದಿನಾಂಕ, ಅದೇ ಊರು ಬರೆದಿಡುತ್ತಾರೆ. ಒಂದು ತಮಗೆ, ಮಿಕ್ಕವು ಬೇರೆ ಬೇರೆ ಊರಿನ ಹರ್ಬೇರಿಯಂಗಳಿಗೆ, ಅಂದರೆ ಒಣಗಿಸಿದ ಗಿಡಗಳ ಭಂಡಾರಗಳಿಗೆ, ಅವರಲ್ಲಿ ಹೆಚ್ಚಾಗಿರುವುದಕ್ಕೆ ಬದಲಾಗಿ. ಹೆಸರಿಗೆ ಮದ್ರಾಸಿನದಾಗಿ ಕೊಯಮತ್ತೂರಿನಲ್ಲಿರುವ ಮದ್ರಾಸ್ ಹರ್ಬೇರಿಯಂನಿಂದ ಲಂಡನ್ನಿನ ಕ್ಯೂ ಸಸ್ಯೋದ್ಯಾನದವರೆಗೆ ಎಲ್ಲೆಡೆ ನಡೆದುಬಂದ ಪದ್ಧತಿ ಇದು. ಇದನ್ನು ಸೌಜನ್ಯವೆಂದು ತಿಳಿಯಬಾರದು. 1943ರ ಮಾರ್ಚ್‌ನಲ್ಲಿ ಬಾಂಬ್ ಬಿದ್ದು ಬರ್ಲಿನ್‌ನ ಡಾಲೆಮ್ ಹರ್ಬೇರಿಯಂ ಸುಟ್ಟಾಗ, ಗಿಡಗಳಿಗೆ ಮೊದಲು ಹೆಸರಿಡುವಾಗ ಆಧಾರವಾಗಿದ್ದ ಮೂಲ ಮಾದರಿಗಳು ರಾಶಿರಾಶಿಯಾಗಿ ಬೂದಿಯಾದವು. ಮುಂದೆ ವಿಜ್ಞಾನಿಗಳು ಆತುಕೊಂಡದ್ದು ಅದಕ್ಕೂ ಮೊದಲೇ ಬೇರೆ ಊರುಗಳಿಗೆ ಹೋಗಿದ್ದ ಪ್ರತಿಗಳನ್ನು. ಕೂಡಿಟ್ಟದ್ದು ಉರಿಯಿತು, ಕೊಟ್ಟದ್ದು ಉಳಿಯಿತು. ಆಟ ತುಂಬಿದ ಗೇಮ್ ಬಾಯ್ ಕಾರ್ಟ್ರಿಜ್‌ನೊಳಗೂ ಇಂಥದೇ ಒಂದು ಬೆಂಕಿ ತಣ್ಣಗೆ ಕೂತಿದೆ. ಆಡಿದ್ದೆಲ್ಲ ನೆನಪಿರುವುದು ಬಿಲ್ಲೆಯಷ್ಟಗಲದ ಒಂದು ಬ್ಯಾಟರಿಯ ಬಲದಿಂದ. ಹತ್ತಿಪ್ಪತ್ತು ವರ್ಷಕ್ಕೆ ಅದು ಸಾಯುತ್ತದೆ, ಅದರೊಂದಿಗೆ ಹಿಡಿದ ಅಷ್ಟೂ ಜೀವ ಮಾಯ. ಉಳಿಯುವುದಿದ್ದರೆ ಎಂದೋ ತಂತಿ ದಾಟಿ ಇನ್ನೊಬ್ಬನ ಕಾರ್ಟ್ರಿಜ್‌ಗೆ ಹೋಗಿದ್ದದ್ದು, ಅವನ ಬ್ಯಾಟರಿ ಇರುವಷ್ಟು ಕಾಲ, ಹಳೆಯ ಯಜಮಾನನ ಹೆಸರು ಹೊತ್ತುಕೊಂಡೇ. ಹರ್ಬೇರಿಯಂ ಚೀಟಿಯಲ್ಲೂ ಗಿಡ ಕಿತ್ತವನ ಹೆಸರು ಅಳಿಸುವುದಿಲ್ಲ.

ಇಷ್ಟೆಲ್ಲ ಆಡುವುದು ಇಲ್ಲದ ಪ್ರಾಣಿಗಳ ಬಗ್ಗೆ ತಾನೆ, ಇರುವ ಪ್ರಾಣಿಗಳನ್ನು ಮಕ್ಕಳು ಮರೆತರಲ್ಲ ಎಂಬುದು ಗಟ್ಟಿಯಾದ ಆಕ್ಷೇಪ. ಅದಕ್ಕೆ ಸಾಕ್ಷ್ಯವೂ ಇದೆ. ಕೇಂಬ್ರಿಡ್ಜಿನ ಆಂಡ್ರ್ಯೂ ಬಾಮ್‌ಫರ್ಡ್ ಮತ್ತು ಸಂಗಡಿಗರು 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದಂತೆ, ಎಂಟು ವರ್ಷದ ಬ್ರಿಟಿಷ್ ಮಕ್ಕಳು ತೋರಿಸಿದ ಪೋಕೆಮಾನ್‌ಗಳಲ್ಲಿ ಸುಮಾರು ಶೇ. 80ನ್ನು ಗುರುತಿಸಿದರು, ತಮ್ಮೂರಿನ ಸಾಮಾನ್ಯ ಜೀವಿಗಳಲ್ಲಿ ಅರ್ಧವನ್ನೂ ಗುರುತಿಸಲಿಲ್ಲ. ನಾನು ಇದನ್ನು ಆಟದ ಮೇಲಿನ ದೂರೆಂದು ಓದುವುದಿಲ್ಲ. ಮಕ್ಕಳ ತಲೆಯಲ್ಲಿ ಜಾಗವಿತ್ತು; ಓತಿಕ್ಯಾತದ ವಿಷಯದಲ್ಲಿ ‘ನಿನಗೆ ಸಿಕ್ಕಿತಾ, ನನಗೆ ಸಿಗಲಿಲ್ಲ’ ಎನ್ನುವ ಜೊತೆಗಾರ ಇರಲಿಲ್ಲ. ಇರುವ ಕಡೆ ಕಥೆ ಬೇರೆ. ಚೆನ್ನೈನಲ್ಲಿ 1988ರಿಂದ ವಿದ್ಯಾರ್ಥಿಗಳ ತಂಡವೊಂದು ರಾತ್ರಿಗಳಲ್ಲಿ ಕಡಲದಂಡೆ ನಡೆದು, ಆಲಿವ್ ರಿಡ್ಲೆ ಆಮೆಗಳ ಮೊಟ್ಟೆ ಆಯ್ದು ಬೇಲಿಯೊಳಗೆ ಹೂತು, ಮರಿಗಳನ್ನು ನೀರಿಗೆ ಬಿಡುತ್ತ ಬಂದಿದೆ. ನಿದ್ದೆಗೆಟ್ಟು ಸಂಗ್ರಹಿಸುವುದೆಲ್ಲ ಬಿಟ್ಟುಕೊಡಲಿಕ್ಕೇ.

ಕೊನೆಯ ತಕರಾರು ಇಂಟರ್‌ನೆಟ್‌ನದು. 2006ರ ಡೈಮಂಡ್, ಪರ್ಲ್ ಕಂತುಗಳಿಂದ ಲೋಕದ ಯಾವ ಮೂಲೆಯ ಅಪರಿಚಿತನೊಂದಿಗೂ ಪೋಕೆಮಾನ್ ಬದಲಿಸಿಕೊಳ್ಳಬಹುದಾಯಿತು. ಪಕ್ಕದ ಮನೆಯವನ ಕೆಲಸ ಮುಗಿಯಿತು, ಪಟ್ಟಿ ತುಂಬುವುದು ಅಂಚೆಯ ವ್ಯವಹಾರವಾಯಿತು. ಇದರಲ್ಲಿ ನಷ್ಟವಾಯಿತೆಂದೇ ನನ್ನ ಅಭಿಪ್ರಾಯ. ಮುಂದೆ ಇದೇ ಹೆಸರಿನ ಇನ್ನೊಂದು ಆಟ ಕಟ್ಟಿದವರಿಗೂ ಎಲ್ಲೋ ಹಾಗನ್ನಿಸಿರಬೇಕು. ಫೋನ್ ಹಿಡಿದು ಬೀದಿ ಸುತ್ತಿಸುವ ಪೋಕೆಮಾನ್ ಗೋ 2016ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂತು. ಅದರಲ್ಲಿ ಕೆಲವು ಜೀವಿಗಳು ಕೆಲವು ಸೀಮೆಗೇ ಮೀಸಲು: ಬೆನ್ನಿನಿಂದ ಹೊಗೆಯುಗುಳುವ ಟಾರ್ಕೋಲ್ ಎಂಬ ಆಮೆ ಭಾರತದಲ್ಲಿ ಸಿಗುತ್ತದೆ, ಜಪಾನಿನಲ್ಲಿ ಇಲ್ಲ. 2018ರಲ್ಲಿ ವಿನಿಮಯಕ್ಕೆ ಅವಕಾಶ ತೆರೆದಾಗ ಇಟ್ಟ ಷರತ್ತು, ಇಬ್ಬರೂ ನೂರು ಮೀಟರಿನೊಳಗೆ ಇರಬೇಕು ಎಂಬುದು. ಹಾಗಾಗಿ ಜಪಾನಿನವನ ಪಟ್ಟಿಯ ತೂತೊಂದು ಚೆನ್ನೈನ ಮರೀನಾ ದಂಡೆ ಪಕ್ಕದ ಯಾವುದೋ ಹುಡುಗಿಯ ಫೋನಿನಲ್ಲಿ ಹೆಚ್ಚಾಗಿ ಬಿದ್ದಿರುತ್ತಿತ್ತು. ಅದು ಬೇಕೆಂದರೆ ಅವನು ವಿಮಾನ ಹತ್ತಿ ಮೀನಂಬಾಕ್ಕಂ ನಿಲ್ದಾಣದಲ್ಲಿ ಇಳಿದು, ಅವಳಿರುವಲ್ಲಿಗೆ ಬಂದು ಕೇಳಬೇಕಿತ್ತು. ಅವಳಿಗೆ ಕೊಡಲು ಅವನೂ ಏನನ್ನಾದರೂ ಹೆಚ್ಚಾಗಿ ಹಿಡಿದಿಟ್ಟುಕೊಂಡು ಬರಬೇಕಿತ್ತು.