ಸೋಸಲು ಏನೂ ಉಳಿಯದ ಚಹಾ

ಚಹಾ ಎಂದರೆ ಕೊನೆಗೆ ಸೋಸಬೇಕು. ಎಲೆ ಬಣ್ಣ ಬಿಟ್ಟ ಮೇಲೆ ಜಾಲರಿಯಲ್ಲಿ ಅದನ್ನು ತಡೆದು ರಸವನ್ನಷ್ಟೇ ಕುಡಿಯುವುದು ರೂಢಿ. ಫಿಲ್ಟರ್ ಕಾಫಿಯಲ್ಲೂ ಡಿಕಾಕ್ಷನ್ ಕೆಳಗಿಳಿಯುತ್ತದೆ, ಚರಟ ಗುಲಾಬಿ ಕುಂಡಕ್ಕೆ ಹೋಗುತ್ತದೆ. ಮಾಚಾದಲ್ಲಿ ಈ ಕೊನೆಯ ಕೆಲಸವೇ ಇಲ್ಲ. ಎಲೆಯೇ ಪುಡಿಯಾಗಿ ಲೋಟಕ್ಕೆ ಬಿದ್ದು, ಪೂರ್ತಿ ಹೊಟ್ಟೆಗೆ ಹೋಗುತ್ತದೆ. ಅದು ನೀರಿನಲ್ಲಿ ಕರಗುವುದೂ ಇಲ್ಲ, ಸ್ವಲ್ಪ ಹೊತ್ತು ತೇಲಿ ಆಮೇಲೆ ತಳ ಸೇರುತ್ತದೆ. ಮನೆಯಲ್ಲಿ ಮಾಚಾ ಲಾಟೆ ಮಾಡಲು ಹೊರಟವರು ದೂರುವ ಗಂಟು, ಕಹಿ, ಲೋಟದಡಿಯ ಹಸಿರು ಕೆಸರು ಎಲ್ಲಕ್ಕೂ ಮೂಲ ಇದೇ. ಚಹಾ ಎಂದುಕೊಂಡು ಮಾಡಿದರೆ ಕೆಡುತ್ತದೆ, ಹಿಟ್ಟು ಎಂದುಕೊಂಡು ಮಾಡಿದರೆ ಸರಿಹೋಗುತ್ತದೆ.

(ಜಪಾನೀ ಉಚ್ಚಾರ 'ಮಚ್ಚಾ' ಎಂಬುದಕ್ಕೇ ಹತ್ತಿರ. ಆದರೆ ಚೆನ್ನೈಯಲ್ಲಿರುವ ಓದುಗರಿಗೆ ಹಾಗೆ ಬರೆದರೆ ಯಾರೋ ಗೆಳೆಯನನ್ನು ಕರೆದಂತಾಗುತ್ತದೆ.)

ಈ ಹಿಟ್ಟಿನ ಹಿಂದೆ ತುಂಬ ಕೆಲಸವಿದೆ. ಕ್ಯೋತೊ ಪಕ್ಕದ ಉಜಿಯಂಥ ಊರುಗಳಲ್ಲಿ ವಸಂತದ ಕೊಯ್ಲಿಗೆ ಮೂರು ವಾರ ಮೊದಲೇ ಚಹಾ ಗಿಡಗಳ ಮೇಲೆ ಚಪ್ಪರ ಹಾಕಿ ಬಿಸಿಲು ಮರೆಮಾಡುತ್ತಾರೆ. ಬಿಸಿಲು ಸಿಗದ ಎಲೆ ಹೆಚ್ಚು ಹರಿತ್ತು ಕೂಡಿಸಿಕೊಂಡು ಕಡುಹಸಿರಾಗುತ್ತದೆ. ಬಿಸಿಲಿದ್ದರೆ ಒಗರಾಗಿ ಬದಲಾಗುತ್ತಿದ್ದ ಥಿಯಾನಿನ್ ಎಂಬ ಅಂಶ ಹಾಗೇ ಉಳಿಯುತ್ತದೆ. ಮಾಚಾದ ಆ ಬೇಯಿಸಿದ ಸೊಪ್ಪಿನಂಥ ಮೆದು ರುಚಿ ಬರುವುದು ಅದರಿಂದಲೇ. ಕಿತ್ತ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಹೊಸೆಯದೆ ಒಣಗಿಸಿ, ದಂಟು ಮತ್ತು ನರ ತೆಗೆದರೆ ಅದು ತೆಂಚಾ. ಅದನ್ನು ಕಲ್ಲಿನಲ್ಲಿ ಬೀಸಿದರೆ ಮಾಚಾ. ನಮ್ಮ ಬೀಸುವ ಕಲ್ಲಿನದೇ ಜಾತಿಯ ಆ ಕಲ್ಲು ಗಂಟೆಗೆ ಸುಮಾರು 40 ಗ್ರಾಂ ಮಾತ್ರ ಬೀಸುತ್ತದೆ. ಬೇಗ ತಿರುಗಿಸಿದರೆ ಕಲ್ಲು ಬಿಸಿಯಾಗಿ ಪರಿಮಳ ಹಾರುತ್ತದೆ. ಆಯುರ್ವೇದದವರು 'ವಸ್ತ್ರಗಾಳಿತ' ಎನ್ನುತ್ತಾರಲ್ಲ, ಅದಕ್ಕಿಂತಲೂ ನಯ.

ಇಷ್ಟು ನಯವಾದ ಪುಡಿ ಡಬ್ಬಿಯಲ್ಲೇ ಉಂಡೆಗಟ್ಟುತ್ತದೆ. ಆದ್ದರಿಂದ ಮೊದಲ ಕೆಲಸ ಜರಡಿ. ಒಂದು ಲೋಟಕ್ಕೆ 2 ಗ್ರಾಂ, ಅಂದರೆ ತಲೆ ಸವರಿದ ಒಂದು ಸಣ್ಣ ಚಮಚ ಸಾಕು. ಮುಂದಿನದು ರಾಗಿ ಅಂಬಲಿ ಕಾಸಿದವರಿಗೆ ಗೊತ್ತಿರುವುದೇ: ಹಿಟ್ಟನ್ನು ಯಾರೂ ನೇರ ಬಿಸಿನೀರಿಗೆ ಸುರಿಯುವುದಿಲ್ಲ, ಮೊದಲು ತಣ್ಣೀರಿನಲ್ಲಿ ಕದಡುತ್ತಾರೆ. ಇಲ್ಲಿಯೂ ಎರಡು ಚಮಚ ತಣ್ಣೀರಿನಲ್ಲಿ ಕಲಸಿ, ಗಂಟು ಒಡೆದ ಮೇಲೆ ಅರ್ಧ ಬಟ್ಟಲು ಬಿಸಿನೀರು ಹಾಕಬೇಕು. ನೀರು ಕುದಿಯುತ್ತಿರಬಾರದು. 70ರಿಂದ 80 ಡಿಗ್ರಿ ಸಾಕು, ಅದಕ್ಕಿಂತ ಬಿಸಿಯಾದರೆ ಕಹಿ ಮುಂದೆ ಬರುತ್ತದೆ. ಥರ್ಮಾಮೀಟರ್ ಬೇಡ. ಕುದಿದ ನೀರನ್ನು ಲೋಟದಿಂದ ಲೋಟಕ್ಕೆ ಎರಡು ಸಲ ಸುರಿದರೆ ಹೆಚ್ಚುಕಡಿಮೆ ಅಲ್ಲಿಗೆ ಇಳಿಯುತ್ತದೆ.

ಒಂದೇ ಬಿದಿರಿನ ತುಂಡನ್ನು ಸೀಳಿ ಮಾಡುವ ಚಾಸೆನ್ ಎಂಬ ಕಡೆಗೋಲು ನೋಡಲು ಚೆಂದ, ಆದರೆ ಲಾಟೆಗೆ ಅದು ಕಡ್ಡಾಯವಲ್ಲ. ಬ್ಯಾಟರಿಯ ಪುಟ್ಟ ಬ್ಲೆಂಡರ್ ಆದೀತು, ಬಿಗಿ ಮುಚ್ಚಳದ ಬಾಟಲಿಯಲ್ಲಿ ಕುಲುಕಿದರೂ ಆದೀತು. ಕೈಯಲ್ಲೇ ಕಡೆಯುವವರು ದುಂಡಗೆ ತಿರುಗಿಸದೆ ಹಿಂದೆ ಮುಂದೆ ಆಡಿಸಿದರೆ ನೊರೆ ಬರುತ್ತದೆ. ಅದರ ಮೇಲೆ ಮುಕ್ಕಾಲು ಲೋಟ ಬಿಸಿ ಹಾಲು. ಬೆಲ್ಲ ಹಾಕುವ ಆಸೆ ಬಂದರೆ ತಡೆದುಕೊಳ್ಳುವುದು ಒಳ್ಳೆಯದು. ಬೆಲ್ಲ ಹಾಕಿದರೆ ಬೆಲ್ಲದ್ದೇ ಲಾಟೆಯಾಗುತ್ತದೆ.

ಪುಡಿ ಕೊಳ್ಳುವಾಗ 'ಸೆರಿಮೋನಿಯಲ್ ಗ್ರೇಡ್' ಎಂಬ ಮಾತಿಗೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಜಪಾನಿನಲ್ಲಿ ಅದಕ್ಕೆ ಕಾನೂನಿನ ಅಳತೆಯೇ ಇಲ್ಲ, ಅದು ಮಾರಾಟಗಾರರ ಪದ. 2024ರ ಕೊನೆಯ ತಿಂಗಳುಗಳಲ್ಲಿ ಬೇಡಿಕೆ ಎಷ್ಟಾಯಿತೆಂದರೆ ಕ್ಯೋತೊದ ಹೆಸರುವಾಸಿ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಡಬ್ಬಿ ಎಂದು ಮಿತಿ ಹಾಕಿದವು. ಹಾಲು ಬೆರೆಸಿ ಮುಚ್ಚಿಹಾಕುವ ಲಾಟೆಗೆ ಅಲ್ಲಿನ ಅತ್ಯುತ್ತಮ ಪುಡಿ ತರಿಸುವುದು ಬಾಸುಮತಿ ಅಕ್ಕಿಯಲ್ಲಿ ಇಡ್ಲಿ ಮಾಡಿದಂತೆ. ಸ್ವಲ್ಪ ಒಗರಾದ, ಅಗ್ಗದ ಪುಡಿಯೇ ಹಾಲಿನ ಎದುರು ನಿಲ್ಲುತ್ತದೆ. ಪೊಟ್ಟಣದ ಹಿಂಬದಿಯಲ್ಲಿ ಸಕ್ಕರೆ ಮೊದಲ ಹೆಸರಾಗಿದ್ದರೆ ಅದನ್ನು ಅಲ್ಲೇ ಬಿಟ್ಟು ಬರಬಹುದು.

ಎಲೆಯನ್ನೇ ತಿನ್ನುವುದಕ್ಕೆ ಇನ್ನೊಂದು ಮುಖವೂ ಇದೆ. ಪುಣೆಯ ಕೋಥರೂಡಿನ ಒಂದು ಮನೆಯಲ್ಲಿ ಮಗಳು ಬೆಳಿಗ್ಗೆ ಅವಸರದಲ್ಲಿ ಹಸಿರು ಪುಡಿ ಕಲಸುತ್ತಿದ್ದಳು. ಧಾರವಾಡದಿಂದ ಬಂದಿದ್ದ ತಾಯಿ ಬಾಗಿಲಲ್ಲಿ ನಿಂತು, "ಏನವಾ, ಮದರಂಗಿ ಕಲಸಾಕತ್ತಿ ಏನ?" ಎಂದಳು. ಜಪಾನಿನ ಚಹಾ ಎಂದು ತಿಳಿದ ಮೇಲೆ ಅವಳ ಕಣ್ಣು ಹೋದದ್ದು ಲೋಟದ ಪಕ್ಕದ ಗುಳಿಗೆಯ ಕಡೆಗೆ. ಮಗಳ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು, ಕಬ್ಬಿಣದ ಗುಳಿಗೆ ಶುರುವಾಗಿ ಎರಡು ತಿಂಗಳಾಗಿತ್ತು, ಆಯಾಸ ಮಾತ್ರ ಹಾಗೇ ಇತ್ತು. "ನೀ ಹೊಟ್ಟ್ಯಾಗಿದ್ದಾಗ ನರ್ಸಬಾಯಿ ಇದ ಗುಳಿಗಿ ಕೊಟ್ಟಿದ್ರು. ಇದರ ಜೋಡಿ ಚಹಾ ಮುಟ್ಟಬ್ಯಾಡ ಅಂದಿದ್ರು. ನಿಂದೂ ಚಹಾನ ಅಲ್ಲೇನು?"

ನರ್ಸಬಾಯಿ ಹೇಳಿದ್ದು ಸರಿ. ಚಹಾದ ಒಗರಿನ ಅಂಶಗಳು ಗುಳಿಗೆಯ ಕಬ್ಬಿಣವನ್ನೂ ಬೇಳೆ-ಸೊಪ್ಪಿನ ಕಬ್ಬಿಣವನ್ನೂ ಹಿಡಿದುಕೊಂಡು, ಮೈಗೆ ಹತ್ತದಂತೆ ಮಾಡುತ್ತವೆ. ಹಸಿರು ಚಹಾ ಇದಕ್ಕೆ ಹೊರತಲ್ಲ, ಮಾಚಾದಲ್ಲಂತೂ ಎಲೆಯೇ ಒಳಗಿರುತ್ತದೆ. ಲಾಟೆಯ ಹಾಲಿನ ಕ್ಯಾಲ್ಸಿಯಂ ಕೂಡ ಅದೇ ಅಡ್ಡಿ ಮಾಡುತ್ತದೆ. ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತನ್ನು ನಂಬಿ ಬೆಳಗಿನ ತಿಂಡಿಯ ಜೊತೆಗೇ ಇದನ್ನು ಕುಡಿಯುವವರು ಬಹಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅವರಿಗೆ ಮಾಚಾ ಬೇಡವೆಂದಲ್ಲ, ಊಟಕ್ಕೂ ಗುಳಿಗೆಗೂ ಅದಕ್ಕೂ ನಡುವೆ ಒಂದೆರಡು ಗಂಟೆ ಬೇಕು.

ಪುಣೆಯ ಮನೆಯಲ್ಲಿ ಈಗ ಗುಳಿಗೆ ಬೆಳಿಗ್ಗೆ, ಲಿಂಬೆ ಶರಬತ್ತಿನ ಜೊತೆ. ಮಾಚಾ ಸಂಜೆ ನಾಲ್ಕಕ್ಕೆ. ತಾಯಿ ಒಂದು ಗುಟುಕು ಕುಡಿದು ನೋಡಿದ್ದಾಳೆ, ಡಬ್ಬಿಯ ಬೆಲೆಯನ್ನೂ ಕೇಳಿದ್ದಾಳೆ. ಮುಂದಿನ ರಕ್ತಪರೀಕ್ಷೆ ದೀಪಾವಳಿ ಮುಗಿದ ಮೇಲೆ.