ತಣ್ಣನೆ ಕೋಳಿ, ಬಿಸಿ ಅನ್ನ

ಅವ್ವ ಹೋದ ಮೂರು ತಿಂಗಳಿಗೆ ಅಪ್ಪನನ್ನು ಸಿಂಗಪುರಕ್ಕೆ ಕರೆಸಿಕೊಂಡೆ. 2019ರ ಮಾತು. ಮಂಡ್ಯದ ಕಡೆಯ ನಮ್ಮೂರಿನಲ್ಲಿ ನಾಟಿಕೋಳಿ ಸಾರಿಗೆ ಎರಡು ಮುದ್ದೆ ಮುರಿಯುತ್ತಿದ್ದ ಮನುಷ್ಯ, ಇಲ್ಲಿ ಬಂದ ದಿನದಿಂದ ಅರ್ಧ ತಟ್ಟೆಗೇ ಕೈ ತೊಳೆಯುತ್ತಿದ್ದ. ನನ್ನ ಹೆಂಡತಿ ಲಿಟಲ್ ಇಂಡಿಯಾದಿಂದ ರಾಗಿಹಿಟ್ಟು ತಂದು ಮುದ್ದೆ ಕಟ್ಟಿದಳು, ಸೊಪ್ಪಿನ ಸಾರು ಮಾಡಿದಳು. ‘ಚೆನ್ನಾಗದೆ ಕಣವ್ವ’ ಅನ್ನುವುದು, ನಾಲ್ಕು ತುತ್ತು ನುಂಗಿ ಏಳುವುದು. ಅವ್ವನ ಹೆಸರು ಮಾತ್ರ ಅವನ ಬಾಯಲ್ಲಿ ಬರಲೇ ಇಲ್ಲ. ನಾವೂ ಎತ್ತಲಿಲ್ಲ.

ಕೋಳಿಯಾದರೆ ತಿಂದಾನು ಎಂದು ಒಂದು ಶನಿವಾರ ಹೈನಾನೀಸ್ ಚಿಕನ್ ರೈಸ್ ತಿನ್ನಿಸಲು ಕರೆದುಕೊಂಡು ಹೋದೆ. ಪರ್ವಿಸ್ ಸ್ಟ್ರೀಟಿನ ಆಸುಪಾಸಿನ ಹಳೇ ಅಂಗಡಿ. ದುಂಡನೆಯ ಅಮೃತಶಿಲೆಯ ಮೇಜು, ತಲೆ ಮೇಲೆ ಫ್ಯಾನು, ಗಾಜಿನ ಪೆಟ್ಟಿಗೆಯೊಳಗೆ ಕುತ್ತಿಗೆಗೆ ಕೊಕ್ಕೆ ಹಾಕಿ ತೂಗುಬಿಟ್ಟ ಬಿಳಿಚಿಕೊಂಡ ಕೋಳಿಗಳು. ಅವುಗಳ ಹಿಂದೆ ಒಬ್ಬ ತಾತ ಮರದ ಕೊರಡಿನ ಮೇಲೆ ಅಗಲ ಕತ್ತಿಯಿಂದ ಟಕ್ ಟಕ್ ಎಂದು ಕಡಿಯುತ್ತಿದ್ದ.

ತಟ್ಟೆ ಬಂತು. ಅಪ್ಪ ಒಂದು ತುಂಡು ಎತ್ತಿ ನೋಡಿದ. ಕೋಳಿ ತಣ್ಣಗಿತ್ತು, ಮೂಳೆಯ ಹತ್ತಿರ ಒಂಚೂರು ಕೆಂಪಗಿತ್ತು. ‘ಇದು ಬೆಂದಿಲ್ಲ ಕಣ್ಲಾ. ಉಪ್ಪು ಖಾರನೂ ಕಾಣೆ’ ಅಂದ. ಆಮೇಲೆ ಅನ್ನಕ್ಕೆ ಕೈ ಹಾಕಿದ. ನಾನು ಸಣ್ಣ ದನಿಯಲ್ಲಿ, ‘ಸ್ಪೂನ್ ತಗೊಳಪ್ಪಾ, ಎಲ್ಲ ನೋಡ್ತಾರೆ’ ಅಂದೆ. ಯಾರೂ ನೋಡುತ್ತಿರಲಿಲ್ಲ. ಅಪ್ಪ ಕೈ ಒರೆಸಿಕೊಂಡು ಸ್ಪೂನು ಹಿಡಿದ. ಅರ್ಧ ತಟ್ಟೆ ಹಾಗೇ ಉಳಿಯಿತು. ರೈಲಿನಲ್ಲಿ ಬರುವಾಗ ಇಬ್ಬರೂ ಮಾತಾಡಲಿಲ್ಲ. ನನ್ನ ಮಾತು ನನಗೇ ಸರಿಯಾಗಿ ಕೇಳಿಸಿದ್ದು ರಾತ್ರಿ ಮಲಗಿದ ಮೇಲೆ.

ಈ ಊಟ ನನಗೂ ಮೊದಮೊದಲು ಪಥ್ಯದಂತೆಯೇ ಕಂಡಿತ್ತು. ಒಗ್ಗರಣೆಯಿಲ್ಲ, ಮಸಾಲೆಯಿಲ್ಲ. ಆದರೆ ಕೆಲಸ ಕಡಿಮೆಯೇನಲ್ಲ. ನೀರು ಕೊತಕೊತ ಕುದಿಯಬಾರದು, ಸುಮ್ಮನೆ ಹಬೆಯಾಡುತ್ತಿರಬೇಕು. ಇಡೀ ಕೋಳಿ ಅದರಲ್ಲಿ ನಿಧಾನಕ್ಕೆ ಬೇಯಬೇಕು. ಎತ್ತಿದ ಕೂಡಲೇ ಐಸ್ ನೀರಿಗೆ. ಆಗ ಚರ್ಮ ಬಿಗಿದು, ಅದರಡಿಯ ರಸ ಲೋಳೆಯಾಗಿ ನಿಲ್ಲುತ್ತದೆ. ಬಾಣಲೆಯಲ್ಲಿ ಕೋಳಿಯ ಕೊಬ್ಬು ಕರಗಿಸಿ, ಬೆಳ್ಳುಳ್ಳಿ ಶುಂಠಿ ಹಾಕಿ, ಅದರಲ್ಲಿ ಅಕ್ಕಿ ಹುರಿಯುತ್ತಾರೆ. ಆಮೇಲೆ ಕೋಳಿ ಬೆಂದ ಅದೇ ನೀರಲ್ಲಿ, ಗಂಟು ಕಟ್ಟಿದ ಪಾಂಡನ್ ಎಲೆಯ ಜೊತೆ ಅನ್ನ ಮಾಡುತ್ತಾರೆ. (ಪಾಂಡನ್ ನಮ್ಮ ಕೇದಗೆಯ ಬಳಗದ್ದೇ.) ಮಿಕ್ಕ ತಿಳಿ ಬಟ್ಟಲಿಗೆ ಹೋಗುತ್ತದೆ. ಕೋಳಿ ತನ್ನಲ್ಲಿದ್ದುದನ್ನೆಲ್ಲ ಅನ್ನಕ್ಕೆ ಕೊಟ್ಟು ತಾನು ಸಪ್ಪಗೆ ಪಕ್ಕದಲ್ಲಿ ಕೂತಿರುತ್ತದೆ. ಹಾಗಾಗಿ ಅಂಗಡಿಯನ್ನು ಅಳೆಯಬೇಕಾದ್ದು ಅನ್ನದಿಂದ ಅನ್ನುವುದು ನನ್ನ ಅಭಿಪ್ರಾಯ. ಬರೀ ಅನ್ನ ತಿನ್ನಲಾಗದ ಕಡೆ ನಾನು ಎರಡನೇ ಸಲ ಹೋಗುವುದಿಲ್ಲ.

ಚೀನಾದ ದಕ್ಷಿಣದ ಹೈನಾನ್ ದ್ವೀಪದಿಂದ ಜನ ಇಲ್ಲಿಗೆ ಬಂದದ್ದು ತಡವಾಗಿ. ಅಷ್ಟು ಹೊತ್ತಿಗೆ ವ್ಯಾಪಾರವೆಲ್ಲ ಮೊದಲು ಬಂದ ಹೊಕ್ಕಿಯನ್, ತಿಯೊಚ್ಯೂ ಜನರ ಕೈಯಲ್ಲಿತ್ತು. ಇವರು ಬ್ರಿಟಿಷರ ಮನೆಗಳಲ್ಲಿ, ಹಡಗುಗಳಲ್ಲಿ ಅಡುಗೆಯವರಾದರು. ಮುಂದೆ ಕಾಫಿ ಅಂಗಡಿ, ಊಟದ ಅಂಗಡಿ ಇಟ್ಟರು. ಮಿಡಲ್ ರೋಡ್, ಪರ್ವಿಸ್ ಸ್ಟ್ರೀಟ್, ಸಿಯಾ ಸ್ಟ್ರೀಟ್ ಇವರ ಮೂರು ಬೀದಿಗಳು. ತಮ್ಮೂರಿನ ವೆಂಚಾಂಗ್ ಕೋಳಿಯ ಅಡುಗೆಯನ್ನೇ ಇಲ್ಲಿಯ ಮೆಣಸಿನಕಾಯಿ, ನಿಂಬೆಗೆ ಹೊಂದಿಸಿದರು. ಈ ಊಟಕ್ಕೆ ಹೆಸರು ತಂದ ಮಿಡಲ್ ರೋಡಿನ ಸ್ವೀ ಕೀ ಹೋಟೆಲು 1997ರಲ್ಲಿ ಮುಚ್ಚಿತು. ಈಗ ಈ ಊಟ ಸಿಗದ ಫುಡ್ ಸೆಂಟರ್ ಹುಡುಕುವುದೇ ಕಷ್ಟ.

ಮುಂದಿನ ವಾರ ಅಪ್ಪನೇ ಕೇಳಿದ: ‘ಆ ಅನ್ನದಂಗಡಿಗೆ ಇನ್ನೊಂದ್ ಸಲ ಹೋಗವಾ?’ ಕೋಳಿ ಅಂಗಡಿ ಅನ್ನಲಿಲ್ಲ, ಅನ್ನದಂಗಡಿ ಅಂದ.

ಈ ಸಲ ನಾನು ಮೊದಲು ಕೈ ಹಾಕಿದೆ. ಅಪ್ಪ ನೋಡಿ, ಏನೂ ಅನ್ನದೆ, ಸ್ಪೂನನ್ನು ಪಕ್ಕಕ್ಕೆ ಸರಿಸಿದ. ಅನ್ನಕ್ಕೆ ಕೆಂಪು ಚಟ್ನಿ ಕಲಸಿ ಉಂಡೆ ಕಟ್ಟಿ ಬಾಯಿಗಿಟ್ಟ. ಜನ ಕಡಿಮೆಯಿದ್ದರು, ತಾತ ಕತ್ತಿ ಕೆಳಗಿಟ್ಟು ನಮ್ಮ ಮೇಜಿನ ಹತ್ತಿರ ಬಂದ. ನನಗೆ ಎದೆ ಡವಡವ. ಅವನು ಅಪ್ಪನ ಕೈ ನೋಡಿ, ಅರೆಬರೆ ಇಂಗ್ಲಿಷಿನಲ್ಲಿ, ತನ್ನ ಅಪ್ಪನ ಕಾಲದಲ್ಲಿ ಅನ್ನವನ್ನು ಬಿಸಿಯಿದ್ದಾಗಲೇ ಅಂಗೈಯಲ್ಲಿ ಒತ್ತಿ ಉಂಡೆ ಕಟ್ಟುತ್ತಿದ್ದರು, ಜನ ಕೈಯಲ್ಲೇ ತಿನ್ನುತ್ತಿದ್ದರು ಅಂದ. ಮಲಾಕ್ಕಾದಲ್ಲಿ ಈಗಲೂ ಹಾಗೇ ಮಾಡುತ್ತಾರೆ. ಅಪ್ಪನಿಗೆ ಹೇಳಿದೆ.

‘ಹಂಗಾರೆ ಇವರ್ದೂ ಮುದ್ದೆನೇ ಅನ್ನು!’

ಅಂದವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ತಾತ ಇನ್ನೊಂದು ಬಟ್ಟಲು ತಿಳಿ ತಂದಿಟ್ಟ, ಅದಕ್ಕೆ ದುಡ್ಡು ಹಿಡಿಯಲಿಲ್ಲ. ಅಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದ. ಕೆಳಗಿಟ್ಟು ಬಟ್ಟಲನ್ನೇ ನೋಡುತ್ತಾ, ‘ಜ್ವರ ಬಂದ್ರೆ ನಿಮ್ಮವ್ವ ಹಿಂಗೇ ತಿಳಿ ಬಸ್ದು ಕೊಡೋಳು. ಒಸಿ ಮೆಣಸು ಜಾಸ್ತಿ ಹಾಕೋಳು, ಅಷ್ಟೇಯ’ ಅಂದ. ಆಮೇಲೆ ಇನ್ನಷ್ಟು ಅನ್ನ ಕೇಳಿದ. ಊರಿಗೆ ಹೊರಡುವವರೆಗೂ ಶನಿವಾರ ತಪ್ಪಿಸಲಿಲ್ಲ. ಕೋಳಿ ಬೆಂದಿಲ್ಲ ಅನ್ನುವ ತಕರಾರನ್ನೂ ಬಿಡಲಿಲ್ಲ.

2022ರ ಜೂನ್ 1ರಿಂದ ಮಲೇಷ್ಯಾ ಕೋಳಿ ರಫ್ತು ನಿಲ್ಲಿಸಿತು. ಅಲ್ಲೇ ಸಾಲದಾಗಿತ್ತು, ಬೆಲೆ ಏರಿತ್ತು. ತಿಂಗಳಿಗೆ 36 ಲಕ್ಷದವರೆಗೆ ಕೋಳಿ ಹೊರಗೆ ಹೋಗುವುದು ನಿಂತಿತು. ಆಗ ಸಿಂಗಪುರ ತಿನ್ನುತ್ತಿದ್ದ ಕೋಳಿಯಲ್ಲಿ ಸುಮಾರು ಮೂರನೇ ಒಂದು ಭಾಗ ಅಲ್ಲಿಯದಾಗಿತ್ತು. ಜೀವಂತ ಬಂದು ಇಲ್ಲಿ ಕುಯ್ಯಲಾಗುತ್ತಿದ್ದದ್ದು. ಫ್ರೀಜರಿನ ಕೋಳಿಗೆ ಆ ಮೆದು ಬರುವುದಿಲ್ಲ ಎಂದು ಹಳಬರು ಗೊಣಗಿದರು. ನಮ್ಮ ಅಂಗಡಿಯಲ್ಲಿ ಕೊಕ್ಕೆಗಳು ಖಾಲಿ ತೂಗುತ್ತಿದ್ದವು. ತಾತ ಅರ್ಧ ಬಾಗಿಲು ತೆಗೆದು ಒಳಗೆ ಕೂತಿರುತ್ತಿದ್ದ.

ಆ ವಾರ ಅಪ್ಪ ಊರಿಂದ ಫೋನು ಮಾಡಿದ. ಟಿವಿಯಲ್ಲಿ ತೋರಿಸಿದರಂತೆ. ನನ್ನ ಕೆಲಸ, ಮಗುವಿನ ಸ್ಕೂಲು ಯಾವುದನ್ನೂ ಕೇಳಲಿಲ್ಲ.

‘ಆ ತಾತುಂಗೆ ಕೋಳಿ ಸಿಕ್ತೇನ್ಲಾ?’

ಇನ್ನೂ ಇಲ್ಲ ಅಂದೆ.

‘ಅನ್ನ ಮಾಡ್ತಾವ್ನಾ?’