ಗಾಳಕ್ಕೆ ಸಿಕ್ಕಿದ್ದು

ಟೆಕ್ಸಾಸಿನ ಲ್ಯಾನೋ ನದಿ. ಮೊಣಕಾಲುದ್ದದ ಬೆಚ್ಚನೆಯ ನೀರಲ್ಲಿ ನಿಂತು ತಮ್ಮ ಗಾಳ ಬೀಸುತ್ತಿದ್ದ. ಎರೆಹುಳವಿಲ್ಲ, ಕೊಕ್ಕೆಗೆ ಪುಕ್ಕ, ದಾರ ಸುತ್ತಿದ ಹುಸಿ ಹುಳು. ಬಂಡೆಯ ನೆರಳಿಗೆ ಅದು ಬಿದ್ದದ್ದೇ ತಡ, ಮೀನೊಂದು ಹಾರಿ ಕಚ್ಚಿತು. ಗ್ವಾಡಲೂಪ್ ಬಾಸ್. ಟೆಕ್ಸಾಸಿನ ಹೊಳೆಗಳಲ್ಲಷ್ಟೇ ಹುಟ್ಟಿ ಬೆಳೆದ ತಳಿ, 1989ರಿಂದ ಆ ರಾಜ್ಯದ ಮೀನು. ತಮ್ಮ ಕೈ ಒದ್ದೆ ಮಾಡಿಕೊಂಡು ಹಿಡಿದು, ಕೊಕ್ಕೆ ಬಿಡಿಸಿ, ನೀರಿಗೇ ಬಿಟ್ಟ. ಒಣಗೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಹೋಗುತ್ತದಂತೆ.

“ತಿನ್ನದ ಮೇಲೆ ಹಿಡಿಯುವುದೇಕೋ?” ಎಂದೆ. ಅಬ್ಬಾ ಭದ್ರಾ ಹೊಳೆಗೆ ಗಾಳ ಹಾಕುತ್ತಿದ್ದದ್ದು ನಮ್ಮ ಹೊಟ್ಟೆಗಾಗಿ. ಬರಿಗೈಲಿ ಬಂದ ರಾತ್ರಿ ಅಮ್ಮಿ ಗಂಜಿಗೆ ಉಪ್ಪಿನಕಾಯಿ ಬಡಿಸುತ್ತಿದ್ದರು.

“ಆಪಾ, ಅಬ್ಬಾ ಹೋದಾಗ ನನಗೆ ಮೂರು ವರ್ಷ. ಹೊಳೆಯಲ್ಲಿ ನಿಂತರೆ ಅವರು ಪಕ್ಕದಲ್ಲೇ ಇದ್ದ ಹಾಗಾಗುತ್ತೆ.”

ಮೀನಿನ ನೋವಿಗೆ ಅದು ಉತ್ತರವಲ್ಲ. ಆದರೂ ನಾನು ಮತ್ತೆ ಕೇಳಲಿಲ್ಲ.